ನೀರಿನ ಅಂಚಿನ ಮನೆಯೂ ಮನೆಯ ಹಿರಿಯರೂ

ಮನೆಯ ವಿಚಾರವಾಗಿ ತಿಂಗಳು ತಿಂಗಳೂ ಬರೆಯುತ್ತಿರುವ ನಮಗೆ ಓದುಗ ಬಂಧುಗಳಿಂದ ಬರುವ ಕಾಗದಗಳಲ್ಲಿ ಹೆಚ್ಚಿನವು ಒಲೆಯ ಹೊಗೆ, ಗೋಡೆಯ ತೇವ, ದಾರಂದಕ್ಕೆ ಹಿಡಿದ ಗೆದ್ದಲು ಇವುಗಳನ್ನು ಕುರಿತವು. ಈ ವರ್ಷದ ಮಳೆಗಾಲದ ಮೊದಲಲ್ಲಿ ಬಂಟ್ವಾಳದ ಕಡೆಯಿಂದ ಬಂದ ಕಾಗದವೊಂದು ಬೇರೆ ಬಗೆಯದಾಗಿದ್ದಿತು. ಬರೆದವರು ನೇತ್ರಾವತಿಯ ದಡದಲ್ಲಿ ಅಡಿಕೆಯ ತೋಟವುಳ್ಳ ಗೃಹಸ್ಥರು. ಅವರ ತಾಯಿಯವರಿಗೆ ೮೨ ವರ್ಷ ವಯಸ್ಸು. "ಅಮ್ಮ ಕಳೆದ ಮಳೆಗಾಲದಲ್ಲಿ ಮುಂದಿನ ಮೆಟ್ಟಿಲಿನಲ್ಲಿ ಜಾರಿದರು. ದೇವರ ದಯೆಯಿಂದ ಎಲುಬು ಮುರಿಯಲಿಲ್ಲ. ಆದರೆ ಅಂದಿನಿಂದ ಒಂದು ದಿನವೂ ಅಂಗಳಕ್ಕೆ ಇಳಿದವರಲ್ಲ. ಹಳೆಯ ಮನೆಯ ಗೊಡವೆಯೇ ಬೇಡ, ಕಾರ್ಖಾನೆಯಲ್ಲಿ ಕಟ್ಟಿ ಲಾರಿಯ ಮೇಲೆ ತಂದು ನಿಲ್ಲಿಸುವ ಮನೆಯೊಂದನ್ನು ಮೇಲಣ ಗದ್ದೆಯಲ್ಲಿ ಇರಿಸೋಣ ಎಂದು ನನ್ನ ತಮ್ಮನ ಹಟ. ನನಗೆ ಮನಸ್ಸು ಒಪ್ಪದು. ಅಮ್ಮನು ಏನೂ ಹೇಳುವುದಿಲ್ಲ. ತಮ್ಮ ಅಭಿಪ್ರಾಯವೇನು?" ಎಂದು ಅವರು ಕೇಳಿದ್ದರು.

ಕಾಗದಕ್ಕೆ ಕಾಗದದಲ್ಲಿಯೇ ಉತ್ತರ ಕೊಡಬಹುದಾಗಿದ್ದಿತು. ಆದರೆ ಮನೆಯನ್ನು ಕಾಣದೆ ಮನೆಗೆ ಮದ್ದು ಹೇಳುವುದು ನಾಡಿ ಹಿಡಿಯದೆ ಕಷಾಯ ಕೊಟ್ಟಂತೆ. ಮಂಗಳೂರಿನಲ್ಲಿ ನಮಗೆ ಬೇರೊಂದು ಕೆಲಸವಿದ್ದುದರಿಂದ, ಶ್ರಾವಣದಲ್ಲಿ ಮಳೆ ಬಿಟ್ಟ ಒಂದು ದಿನ ಅಳತೆಯ ಪಟ್ಟಿಯೊಂದನ್ನು ಚೀಲದಲ್ಲಿಟ್ಟುಕೊಂಡು ಅಲ್ಲಿಗೆ ಹೋಗಿಬಂದೆವು.

ನದೀತೀರದ ಮನೆಗಳು ಎತ್ತರವಾಗಿರುವುದು ಚಂದಕ್ಕಾಗಿ ಅಲ್ಲ. ತುಳುವರು ಮಾರಿಬೊಳ್ಳವೆಂದು ಇಂದಿಗೂ ನೆನೆಯುವ ೧೯೨೩ನೆಯ ಇಸವಿಯ ಮಹಾಪೂರದಲ್ಲಿ ಬಂಟ್ವಾಳ, ಪಾಣೆಮಂಗಳೂರುಗಳ ಕಡೆಯಲ್ಲಿ ನೀರು ಮನೆಗಳೊಳಗೆ ನುಗ್ಗಿತು. ಅದಾದ ಮೇಲೆ ಮನೆ ಕಟ್ಟಿಸಿದವರು ಪಂಚಾಂಗವನ್ನು (ತಿಥಿ ನಕ್ಷತ್ರಗಳ ಪಂಚಾಂಗವಲ್ಲ, ಮೇಸ್ತ್ರಿಗಳ ಮಾತಿನಲ್ಲಿ ಮನೆಯ ನೆಲೆಗಟ್ಟಿಗೂ ಅದೇ ಹೆಸರು) ಆದಷ್ಟೂ ಮೇಲಕ್ಕೆತ್ತಿದರು. ನಾವು ಕಂಡ ಮನೆಯೂ ಅಂಥದೇ. ಕೆಂಪು ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಕಾವಿ ನೆಲ. ಅಂಗಳದಿಂದ ಜಗಲಿಗೆ ಒಂಬತ್ತು ಮೆಟ್ಟಿಲು. ೧೯೭೪ರ ಜುಲೈ ತಿಂಗಳ ನೆರೆಯಲ್ಲಿ ಹೊಳೆಯು ಈ ಅಂಗಳಕ್ಕೆ ಬಂದಾಗ ತಾಯಿಯವರು ಕೈಗೂಸನ್ನು ಎತ್ತಿಕೊಂಡು ಜಗಲಿಯಲ್ಲಿ ನಿಂತು, ನೀರು ನುಂಗುತ್ತಿದ್ದ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದರಂತೆ. ಆರನೆಯ ಮೆಟ್ಟಿಲು ಮುಳುಗಿದ ಮೇಲೆ ನೀರು ನಿಂತಿತು. ಆ ಕೈಗೂಸೇ ನಮಗೆ ಕಾಗದ ಬರೆದ ಗೃಹಸ್ಥರು.

ಅಂದು ತಾಯಿಯನ್ನೂ ಮಗುವನ್ನೂ ಕಾಪಾಡಿದ ಎತ್ತರವೇ ಇಂದು ಅದೇ ತಾಯಿಯನ್ನು ಜಗಲಿಯಲ್ಲಿ ಕಟ್ಟಿಹಾಕಿದೆ. ಇದರಲ್ಲಿ ಮೆಟ್ಟಿಲಿನ ತಪ್ಪೂ ಇಲ್ಲ, ಮುಪ್ಪಿನ ತಪ್ಪೂ ಇಲ್ಲ. ನಾವು ಹೋದಾಗ ಅವರು ಜಗಲಿಯ ತುದಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕುಳಿತು ಹೊಳೆಯ ಕಡೆಗೆ ನೋಡುತ್ತಿದ್ದರು. ಮೊಣಕಾಲಿನ ನೋವುಂಟು, ಕಣ್ಣಿನ ಪೊರೆ ತೆಗೆಸಿದ್ದುಂಟು; ಆದರೆ ಮಾತು ಚುರುಕು, ನೆನಪು ಚೊಕ್ಕ. ಚಾವಡಿಯಿಂದ ಅಡುಗೆಮನೆಗೆ ತಾವಾಗಿಯೇ ನಡೆಯುತ್ತಾರೆ. ಮೆಟ್ಟಿಲಿನ ಬಳಿಗೆ ಬಂದರೆ ಮಾತ್ರ ಕಾಲು ನಿಂತುಬಿಡುತ್ತದೆ. ಒಮ್ಮೆ ಬಿದ್ದ ವೃದ್ಧರು ಬೀಳುವ ಭಯದಿಂದ ಹೊರಗೆ ಹೋಗುವುದನ್ನು ಬಿಡುವರು. ಹೊರಗೆ ಹೋಗುವುದನ್ನು ಬಿಟ್ಟರೆ ಕಾಲಿನ ಕಸುವು ಕುಂದುವುದು. ಕಸುವು ಕುಂದಿದ ಕಾಲು ಮತ್ತೆ ಬೀಳಿಸುವುದು. ವೈದ್ಯರು ಈ ಸುಳಿಯನ್ನು ಚೆನ್ನಾಗಿ ಬಲ್ಲರು. ಮನೆಯವರು ಮಾತ್ರ "ಈಗ ಅಮ್ಮ ಜಾಗ್ರತೆಯಾಗಿದ್ದಾರೆ, ಎಲ್ಲಿಗೂ ಹೋಗುವುದಿಲ್ಲ" ಎಂದು ಸಮಾಧಾನಪಡುತ್ತಾರೆ. ಇದು ಸಮಾಧಾನ ಪಡತಕ್ಕ ಸಂಗತಿಯಲ್ಲ.

ಮೊದಲು ಮೆಟ್ಟಿಲುಗಳನ್ನು ಅಳೆದೆವು. ಒಂದು ಆರು ಅಂಗುಲ, ಮತ್ತೊಂದು ಎಂಟು, ಕೆಳಗಿನದು ಅಂಗಳದ ಮಣ್ಣು ಕೊಚ್ಚಿಹೋದುದರಿಂದ ಇನ್ನೂ ಎತ್ತರ. ಒಂಬತ್ತೂ ಕೂಡಿ ೬೩ ಅಂಗುಲ. ಹೀಗೆ ಏರುಪೇರಾದ ಮೆಟ್ಟಿಲು ತರುಣರ ಕಾಲಿಗೆ ತಿಳಿಯುವುದೇ ಇಲ್ಲ. ಮುದುಕರ ಕಾಲು ಹಿಂದಿನ ಮೆಟ್ಟಿಲಿನ ಲೆಕ್ಕದಲ್ಲಿಯೇ ಮುಂದಿನದನ್ನು ಹುಡುಕಿ ಎಡವುತ್ತದೆ. ಮೇಲಾಗಿ ಎಲ್ಲಕ್ಕೂ ಕಾವಿಯ ಒಂದೇ ಬಣ್ಣ. ಮೇಲಿನಿಂದ ನೋಡಿದರೆ ಒಂಬತ್ತು ಮೆಟ್ಟಿಲೂ ಒಂದೇ ಕೆಂಪು ಹಾಸಿನಂತೆ ಕಾಣುತ್ತವೆ. ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. "ನೂರು ವರ್ಷ ಇಲ್ಲದೆ ನಡೆಯಿತಲ್ಲ" ಎಂದರು ಗೃಹಸ್ಥರು. ನಡೆಯಿತು, ಏಕೆಂದರೆ ಮುಪ್ಪಿನಲ್ಲಿ ಇಳಿಯಲಾರದವರು ಇಳಿಯದೆಯೇ ಇದ್ದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆದುದರಿಂದ ಯಾವ ಮನೆಯಲ್ಲಾದರೂ ಮೊದಲು ಮಾಡತಕ್ಕ ಕೆಲಸಗಳು ಇವು. ಮೆಟ್ಟಿಲುಗಳ ಎತ್ತರವನ್ನು ಸರಿಸಮವಾಗಿ ತಿದ್ದಿಸುವುದು. ಪ್ರತಿಯೊಂದರ ಅಂಚಿಗೂ ಎರಡಂಗುಲ ಅಗಲದ ಬಿಳಿಯ ಪಟ್ಟಿಯನ್ನು ಬಳಿಯುವುದು. ಎರಡು ಬದಿಯಲ್ಲಿಯೂ ಕಂಬಿ ಹಾಕಿಸುವುದು. ಒಂದು ಬದಿಯ ಕಂಬಿಯು ಏರುವಾಗ ಬಲಗೈಗೆ ಸಿಕ್ಕಿದರೆ ಇಳಿಯುವಾಗ ಎಡಗೈಗೆ ಸಿಕ್ಕುವುದು, ಪಕ್ಷವಾತವಾದವರಿಗೆ ಇದರ ಭೇದ ಚೆನ್ನಾಗಿ ತಿಳಿದಿದೆ. ಕಂಬಿಯ ಎತ್ತರವು ೩೪ರಿಂದ ೩೮ ಅಂಗುಲದ ಒಳಗಿರಲಿ, ಕೊನೆಯ ಮೆಟ್ಟಿಲಿನ ಆಚೆಗೂ ಒಂದಡಿ ಮುಂದುವರಿಯಲಿ. ಇಷ್ಟಕ್ಕೆ ಮನೆ ಒಡೆಯಬೇಕಾಗಿಲ್ಲ. ವಾರದೊಳಗೆ ಮುಗಿಯುವ ಕೆಲಸ.

ಆದರೆ ಕಂಬಿಯಿಂದ ಒಂಬತ್ತು ಮೆಟ್ಟಿಲುಗಳು ಒಂಬತ್ತಾಗಿಯೇ ಉಳಿಯುವುವು. ಇಂದು ಕೋಲು ಹಿಡಿದವರು ನಾಳೆ ಗಾಲಿಕುರ್ಚಿಯನ್ನು ಹಿಡಿಯಬೇಕಾದೀತು. ಅದಕ್ಕೆ ಬೇಕಾದುದು ಇಳಿಜಾರು ದಾರಿ. ಒಂದಂಗುಲ ಏರುವುದಕ್ಕೆ ಕಡಿಮೆಯೆಂದರೆ ಹನ್ನೆರಡಂಗುಲ ಉದ್ದವಿರಬೇಕೆಂಬುದು ಈ ಬಗೆಯ ದಾರಿಗೆ ನಮ್ಮ ದೇಶದಲ್ಲಿಯೂ ಅಮೆರಿಕದಲ್ಲಿಯೂ ಒಪ್ಪಿದ ಸೂತ್ರ. ಆ ಲೆಕ್ಕದಂತೆ ೬೩ ಅಂಗುಲಕ್ಕೆ ೬೩ ಅಡಿ ದಾರಿ ಬೇಕು. ಅಮೆರಿಕದ ೨೦೧೦ರ ನಿಯಮದಂತೆ ೩೦ ಅಂಗುಲ ಏರುವುದರೊಳಗಾಗಿ ಐದಡಿಯ ಒಂದು ಸಮತಟ್ಟು, ದಣಿವಾರಿಸಿಕೊಳ್ಳಲು, ಇರಲೇಬೇಕು. ೨೧ ಅಡಿಯ ಮೂರು ಮಡಿಕೆಗಳಾಗಿ ಅದನ್ನು ಅಂಗಳದಲ್ಲಿ ಕೂಡಿಸಬಹುದೆಂದು ನಾವು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದೆವು. ಗೃಹಸ್ಥರ ಮುಖ ಸಣ್ಣದಾಯಿತು. ಅದು ಅಡಿಕೆ ಒಣಗಿಸುವ ಅಂಗಳ. ಅದರ ಮೂರನೆಯ ಒಂದು ಪಾಲು ದಾರಿಗೇ ಹೋದರೆ ಅಡಿಕೆಯನ್ನು ಎಲ್ಲಿ ಹರಡುವುದು? ಮಳೆಗಾಲದ ನಾಲ್ಕು ತಿಂಗಳು ಬಯಲಿನಲ್ಲಿ ನೆನೆಯುವ ಇಳಿಜಾರು ಪಾಚಿಗಟ್ಟಿದರೆ ಮೆಟ್ಟಿಲಿಗಿಂತಲೂ ಕೇಡು. ಅವರ ಮಾತು ನ್ಯಾಯವಾದುದೇ.

ಹಾಗೆಂದು ಮನೆಯ ಸುತ್ತ ಒಮ್ಮೆ ನಡೆದು ನೋಡಿದೆವು. ಹೊಳೆಯ ದಡದಿಂದ ಭೂಮಿಯು ಹಿಂದಕ್ಕೆ ಏರುತ್ತ ಹೋಗಿರುವುದರಿಂದ, ಮುಂದೆ ಆಳೆತ್ತರಕ್ಕೆ ನಿಂತ ಮನೆಯು ಹಿಂದೆ ನೆಲಕ್ಕೆ ಹತ್ತಿರವಾಗಿದ್ದಿತು. ಅಡುಗೆಮನೆಯ ಬಾಗಿಲಿಗೆ ಎರಡೇ ಮೆಟ್ಟಿಲು, ೧೪ ಅಂಗುಲ! ತೋಟದ ದಾರಿಯಲ್ಲಿ ಆಟೋರಿಕ್ಷಾ ಕೂಡ ಹಿತ್ತಿಲಿನವರೆಗೆ ಬರುವುದು. ಹದಿನಾಲ್ಕು ಅಡಿಯ ಇಳಿಜಾರು ಕಟ್ಟಿದರೆ ಕೆಲಸವಾಯಿತು. ಮನೆಯ ಮುಂಭಾಗವನ್ನೇ ನೋಡುತ್ತ ಚಿಂತಿಸುವವರು ಹಿಂಭಾಗಕ್ಕೆ ಹೋಗಿ ನೋಡುವುದಿಲ್ಲ. ನಾವೂ ಒಂದು ಗಂಟೆ ಹೊತ್ತು ನೋಡಿರಲಿಲ್ಲ. ಹಿಗ್ಗಿನಿಂದ ಬಂದು ತಾಯಿಯವರಿಗೆ ಈ ಉಪಾಯವನ್ನು ಬಿನ್ನವಿಸಿದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ನಾನು ಈ ಮನೆಗೆ ಮುಂಬಾಗಿಲಿನಿಂದ ಬಂದವಳು. ಕಡೆಗಾಲಕ್ಕೆ ಒಲೆಯ ಹಿಂದಿನಿಂದ ನುಸುಳಿಕೊಂಡು ಹೋಗಬೇಕೇ? ಅದಕ್ಕಿಂತ ಇಲ್ಲಿಯೇ ಕೂತಿರುತ್ತೇನೆ" ಎಂದರು.

"ಅಮ್ಮನು ಏನೂ ಹೇಳುವುದಿಲ್ಲ" ಎಂದು ಕಾಗದದಲ್ಲಿ ಇದ್ದಿತಲ್ಲವೇ? ಅವರನ್ನು ಯಾರೂ ಅದುವರೆಗೆ ಕೇಳಿಯೇ ಇರಲಿಲ್ಲ. ಮಕ್ಕಳಿಬ್ಬರೂ ತಾಯಿಗಾಗಿ ವಾದಿಸುತ್ತಿದ್ದರು, ತಾಯಿಯೊಡನೆ ಮಾತನಾಡಿರಲಿಲ್ಲ. ನಾವು ಕೂಡ ಮೆಟ್ಟಿಲನ್ನು ಅಳೆದ ಮೇಲೆ ಅವರ ಬಳಿಗೆ ಬಂದವರು. ಮೊದಲು ಅವರ ಬಳಿಗೆ ಬಂದು ಆಮೇಲೆ ಮೆಟ್ಟಿಲನ್ನು ಅಳೆಯಬೇಕಾಗಿದ್ದಿತು.

ಕಟ್ಟಕಡೆಗೆ ದಾರಿಯನ್ನು ತೋರಿಸಿದವನು, ಕಾಫಿ ಕುಡಿಯುತ್ತ ನಮ್ಮ ಮಾತನ್ನು ಕೇಳುತ್ತಿದ್ದ ಮೇಸ್ತ್ರಿ. ಜಗಲಿಯ ಪಕ್ಕದ ತುದಿಯಿಂದ ಹಿತ್ತಿಲಿನವರೆಗೆ ಮನೆಯ ಗೋಡೆಯ ಉದ್ದ ೪೦ ಅಡಿ. ಆ ಪಕ್ಕದಲ್ಲಿ ಕೆಂಪು ಕಲ್ಲಿನ ತಡೆಗೋಡೆಯನ್ನು ಕಟ್ಟಿ, ನಡುವೆ ಮಣ್ಣು ತುಂಬಿಸಿ ದಮ್ಮಸ್ಸು ಮಾಡಿದರೆ, ಜಗಲಿಯಿಂದ ಹೊರಟ ದಾರಿಯು ೪೦ ಅಡಿಯಲ್ಲಿ ಬರಿಯ ೧೪ ಅಂಗುಲ ಇಳಿದು ಹಿತ್ತಿಲನ್ನು ಸೇರುವುದು. ಲೆಕ್ಕ ಹಾಕಿದರೆ ೩೪ಕ್ಕೆ ಒಂದು. ಅದು ಇಳಿಜಾರೆಂದು ಕಾಲಿಗೆ ತಿಳಿಯುವುದೂ ಕಷ್ಟ. ತಾಯಿಯವರು ಮುಂಬಾಗಿಲಿನಿಂದಲೇ ಹೊರಟು, ಜಗಲಿಯನ್ನು ದಾಟಿ, ಗೋಡೆಯ ಪಕ್ಕದಲ್ಲಿ ನಡೆದು ಆಟೋರಿಕ್ಷಾದ ಬಳಿಗೆ ಹೋಗಬಹುದು. ಅಂಗಳದ ಅಡಿಕೆಗೆ ತೊಂದರೆಯಿಲ್ಲ. ಮಾಡಿನ ಇಳಿಚಾವಣಿಯನ್ನು ನಾಲ್ಕಡಿ ಮುಂದಕ್ಕೆ ಎಳೆದರೆ ದಾರಿಗೆ ನೆರಳೂ ಆಯಿತು, ಪಾಚಿಯೂ ದೂರವಾಯಿತು.

ಇದರಲ್ಲಿ ಎಚ್ಚರಪಡಬೇಕಾದ ಸಂಗತಿಗಳು ಇಲ್ಲವೆಂದಲ್ಲ. ತಡೆಗೋಡೆಯ ಮುಂದಿನ ಕೊನೆಯು ಐದಡಿಗೂ ಮೀರಿದ ಎತ್ತರದ್ದಾದುದರಿಂದ ಹೊರಬದಿಗೆ ಗಟ್ಟಿಯಾದ ಕಂಬಿಯು ಬೇಕೇ ಬೇಕು. ತುಂಬಿದ ಮಣ್ಣು ನಮ್ಮ ಕರಾವಳಿಯ ಮಳೆಯನ್ನು ಹೀರಿ ಉಬ್ಬಿ ಗೋಡೆಯನ್ನು ಹೊರಕ್ಕೆ ದೂಡುವುದು. ಗೋಡೆಯಲ್ಲಿ ಅಲ್ಲಲ್ಲಿ ನೀರು ಹೋಗಲು ಕಂಡಿಗಳನ್ನು ಬಿಟ್ಟು, ಅವುಗಳ ಹಿಂದೆ ಜಲ್ಲಿಯನ್ನು ತುಂಬಿಸಬೇಕು. ಮಣ್ಣು ಮನೆಯ ಗೋಡೆಗೆ ತಾಗಿದಲ್ಲಿ ತೇವ ಏರದಂತೆ ಗಾರೆ ಬಳಿಸುವುದನ್ನೂ ಮರೆಯತಕ್ಕದ್ದಲ್ಲ. ನೆರೆ ಬಂದರೆ ಬುಡದ ಮಣ್ಣು ಕೊರೆಯದಂತೆ ಕಾಡುಕಲ್ಲನ್ನು ಹಾಸಬೇಕು. ಮತ್ತೊಂದು: ಉಬ್ಬರವಿಳಿತ ತಟ್ಟುವ ಹೊಳೆಯ ದಡಗಳಿಗೆ ೧೯೯೧ರಲ್ಲಿ ಮೊದಲು ಹೊರಟು ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಹೊಸದಾಗಿ ಬಂದ ಕರಾವಳಿ ನಿಯಂತ್ರಣ ವಲಯದ ಆಜ್ಞೆಗಳು ಅನ್ವಯಿಸುವುವು. ಉಳ್ಳಾಲ, ಮಲ್ಪೆ, ಗಂಗೊಳ್ಳಿಗಳಂಥ ಕಡೆಯ ಓದುಗರು ಕಲ್ಲು ತರಿಸುವ ಮೊದಲು ಪಂಚಾಯತಿಯಲ್ಲಿಯೋ ನಗರಸಭೆಯಲ್ಲಿಯೋ ವಿಚಾರಿಸಿಕೊಳ್ಳಲಿ. ಸಮುದ್ರದ ಗಾಳಿಗೆ ಸಾಧಾರಣ ಕಬ್ಬಿಣದ ಕಂಬಿಯು ಬಲುಬೇಗ ತುಕ್ಕು ತಿನ್ನುವುದರಿಂದ ಅಲ್ಲಿ ತುಕ್ಕು ಹಿಡಿಯದ ಉಕ್ಕನ್ನೋ ಒಳ್ಳೆಯ ಮರವನ್ನೋ ಬಳಸುವುದು ಲೇಸು.

ಹೊಸ್ತಿಲಿನ ಮಾತು ಬಂದಾಗ ಸೊಸೆಯು ಒಳಗಿನಿಂದಲೇ "ಅದನ್ನು ಕಡಿಯುವುದು ಬೇಡ" ಎಂದರು. ದಿನವೂ ಅರಿಸಿನ ಕುಂಕುಮವಿಟ್ಟು ಪೂಜೆಗೊಳ್ಳುವ ಹೊಸ್ತಿಲನ್ನು ಕಡಿಯಬೇಕೆಂದು ನಾವೂ ಹೇಳುವವರಲ್ಲ. ಅದರ ಎರಡು ಬದಿಗೂ ಮರದ ಇಳಿಜಾರು ಹಲಗೆಯನ್ನು ಜಾರದಂತೆ ಕೂಡಿಸಿದರೆ ಸಾಕು. ಪೂಜೆಯ ಹೊತ್ತಿನಲ್ಲಿ ಎತ್ತಿ ಬದಿಗಿಡಬಹುದು.

ಬಚ್ಚಲುಮನೆಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. ಮೆಟ್ಟಿಲಿಗೆ ಹೆದರುವವರು ಬಚ್ಚಲಿಗೆ ಹೆದರುವುದಿಲ್ಲ, ಹೆದರಬೇಕಾದುದು ಅಲ್ಲಿಯೇ. ಈ ಮನೆಯ ಬಚ್ಚಲು ನೆಲಕ್ಕಿಂತ ಆರಂಗುಲ ತಗ್ಗು. ಒಂದು ಮೂಲೆಯಲ್ಲಿ ಹಂಡೆಯ ಒಲೆ, ಇನ್ನೊಂದು ಮೂಲೆಯಲ್ಲಿ ಈಚೆಗೆ ಹಾಕಿಸಿದ ಕಮೋಡು, ನಡುವೆ ಕನ್ನಡಿಯಂತೆ ಹೊಳೆಯುವ ಹೊಸ ಹಾಸುಬಿಲ್ಲೆ. ಹೊಳೆಯುವ ನೆಲವನ್ನು ಬಚ್ಚಲಿಗೆ ಹಾಕಿಸುವ ಈ ಕಾಲದ ಚಪಲವು ನಮಗೆ ಎಂದೂ ಅರ್ಥವಾಗಿಲ್ಲ. ತರಿಯಾದ ಕಲ್ಲಿನ ನೆಲವೇ ಮೇಲು. ಕಮೋಡಿನ ಬಳಿ ಟವಲು ಹಾಕುವ ಸಪೂರ ಕಂಬಿಯಿದ್ದಿತು. ತಾಯಿಯವರು ಅದನ್ನೇ ಹಿಡಿದು ಏಳುತ್ತಿದ್ದರಂತೆ. ನಾವು ಹಿಡಿದು ಎಳೆದಾಗ ಅದು ಗೋಡೆಯಿಂದ ಕಿತ್ತು ಕೈಗೆ ಬಂದಿತು. ಆಸರೆಯ ಕಂಬಿಯು ೨೫೦ ಪೌಂಡು, ಎಂದರೆ ಸುಮಾರು ೧೧೩ ಕಿಲೋ ಭಾರವನ್ನು ತಾಳಬೇಕೆಂಬುದು ಮೇಲೆ ಹೇಳಿದ ಅಮೆರಿಕದ ನಿಯಮ. ಒಂದೂವರೆ ಅಂಗುಲ ದಪ್ಪದ ಗುಂಡು ಕೊಳವೆ, ಗೋಡೆಗೂ ಅದಕ್ಕೂ ನಡುವೆ ಒಂದೂವರೆ ಅಂಗುಲ ಎಡೆ, ನೆಲದಿಂದ ೩೩ರಿಂದ ೩೬ ಅಂಗುಲ ಎತ್ತರ. ಕೆಂಪು ಕಲ್ಲು ಮೆದು, ತಿರುಪುಮೊಳೆಯೊಂದನ್ನೇ ನಂಬಬಾರದು. ಗೋಡೆಯನ್ನು ತೂತುಮಾಡಿ ಬೋಲ್ಟನ್ನು ಆಚೆಗೆ ದಾಟಿಸಿ, ಆ ಬದಿಯಲ್ಲಿ ಉಕ್ಕಿನ ಬಿಲ್ಲೆಯನ್ನಿಟ್ಟು ಬಿಗಿಸಬೇಕು.

ಇನ್ನು ತಮ್ಮಂದಿರ ಕಾರ್ಖಾನೆಯ ಮನೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಮಂಗಳೂರಿನ ಹೆಂಚೂ ಒಂದು ಕಾಲದಲ್ಲಿ ಕಾರ್ಖಾನೆಯ ಹೊಸ ಸರಕೇ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಅದನ್ನು ಮಾಡತೊಡಗಿದರು, ಇಂದು ಅದೇ ನಮಗೆ ಹಳೆಯ ಮನೆಯ ಲಕ್ಷಣ. ಇಡೀ ಮನೆಯನ್ನೇ ಕಾರ್ಖಾನೆಯಲ್ಲಿ ಕಟ್ಟಿ ಸಾಗಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿರುವುದು ಅಮೆರಿಕದಲ್ಲಿ. ೧೯೭೬ರ ಜೂನ್ ೧೫ರಿಂದ ಅಲ್ಲಿ ಇವಕ್ಕೆ ದೇಶಕ್ಕೆಲ್ಲ ಒಂದೇ ನಿಯಮ. ಫ್ಲಾರಿಡಾದಂಥ ಕಡಲತೀರದ ರಾಜ್ಯಗಳಲ್ಲಿ ಇಂಥ ಮನೆಗಳಲ್ಲಿ ವಾಸಿಸುವ ವೃದ್ಧರು ಬಹಳ ಮಂದಿ. ೧೯೯೨ರ ಆಗಸ್ಟಿನಲ್ಲಿ ಆಂಡ್ರೂ ಎಂಬ ಚಂಡಮಾರುತವು ಅವುಗಳಲ್ಲಿ ಸಾವಿರಾರನ್ನು ನುಚ್ಚುನೂರು ಮಾಡಿದ ಮೇಲೆ, ೧೯೯೪ರಲ್ಲಿ ಗಾಳಿಗೆ ತಾಳುವ ಬಗೆಯನ್ನು ಕುರಿತ ನಿಯಮಗಳನ್ನು ಬಿಗಿಗೊಳಿಸಿದರು.

ಆ ದೇಶದವರ ಅನುಭವದಿಂದ ನಮಗೆ ತಿಳಿಯುವುದೇನೆಂದರೆ, ಹೊಸ ಮನೆಯೆಂದ ಮಾತ್ರಕ್ಕೆ ಮುದುಕರಿಗೆ ಅನುಕೂಲವಾದ ಮನೆಯಲ್ಲ. ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿ ಕಂಬಗಳ ಮೇಲೆ ಕೂರಿಸುವ ಆ ಮನೆಯ ನೆಲವು ಭೂಮಿಯಿಂದ ಎರಡು ಮೂರು ಅಡಿ ಮೇಲಿರುವುದು ಸಾಮಾನ್ಯ. ನೆರೆಯ ಪ್ರದೇಶದಲ್ಲಿ ಇನ್ನೂ ಮೇಲೆ. ಎಂದರೆ ಅಲ್ಲಿಯೂ ಮೆಟ್ಟಿಲೇ. ಒಳಗಿನ ಓಣಿಯು ೨೮ ಅಂಗುಲವಿದ್ದರೂ ಸಾಕೆಂದು ಆ ೧೯೭೬ರ ನಿಯಮವೇ ಒಪ್ಪಿಕೊಂಡಿದ್ದಿತು; ಗಾಲಿಕುರ್ಚಿಗೆ ಬಾಗಿಲೇ ೩೨ ಅಂಗುಲ ತೆರವಿರಬೇಕು, ಸುತ್ತಿ ತಿರುಗಲು ಐದಡಿ ಜಾಗ ಬೇಕು. ಗೋಡೆಯು ತೆಳುಹಲಗೆಯಾದುದರಿಂದ, ಒಳಗೆ ಮೊದಲೇ ದಪ್ಪ ಮರವನ್ನು ಕೂಡಿಸಿರದಿದ್ದರೆ ಆಸರೆಯ ಕಂಬಿಯು ನಿಲ್ಲದು. ಇವೆಲ್ಲವನ್ನೂ ಕಾರ್ಖಾನೆಯಲ್ಲಿ ಕಟ್ಟುವಾಗಲೇ ಹೇಳಿ ಮಾಡಿಸಿದರೆ ಅತಿ ಸುಲಭ, ಲಾರಿಯಿಂದ ಇಳಿಸಿದ ಮೇಲೆ ಅತಿ ಕಷ್ಟ. ನಮ್ಮ ದೇಶದಲ್ಲಿ ಈಗ ಇಂಥ ಮನೆಗಳನ್ನು ಮಾರುವವರು ಚಿತ್ರಪಟದಲ್ಲಿ ಗಾಜಿನ ಕಿಟಕಿಯನ್ನೂ ಹೂವಿನ ಕುಂಡವನ್ನೂ ತೋರಿಸುತ್ತಾರೆ. ತಮ್ಮಂದಿರು ಅದನ್ನು ಬಿಟ್ಟು ಬಾಗಿಲಿನ ಅಗಲವನ್ನೂ, ಬಚ್ಚಲಿನ ನೆಲದ ಮಟ್ಟವನ್ನೂ, ತಗಡಿನ ಮಾಡಿನ ಕೆಳಗೆ ಮೇ ತಿಂಗಳ ಮಧ್ಯಾಹ್ನ ಹೇಗಿರುವುದೆಂಬುದನ್ನೂ ಕೇಳಲಿ. ಎಲ್ಲಕ್ಕೂ ಸರಿಯಾದ ಉತ್ತರ ದೊರೆತರೆ, ಹಳೆಯ ಮನೆಯೇ ಇಲ್ಲದವರಿಗೂ ಹೊಸದಾಗಿ ನೆಲೆ ನಿಲ್ಲುವವರಿಗೂ ಅದು ಒಳ್ಳೆಯದೇ. ಈ ತಾಯಿಯವರಿಗೆ ಒಪ್ಪುವುದೋ ಎಂಬುದು ಬೇರೆ ಪ್ರಶ್ನೆ. ಮೇಲಣ ಗದ್ದೆಯಿಂದ ಹೊಳೆಯು ಕಾಣುವುದಿಲ್ಲ.

ಬಡವರ ಮನೆಯಲ್ಲಿ ಇಷ್ಟೆಲ್ಲ ಆಗುವುದೇ ಎಂದು ಕೇಳುವವರುಂಟು. ೨೦೧೧ರ ಜನಗಣತಿಯಂತೆ ನಮ್ಮ ದೇಶದಲ್ಲಿ ೬೦ ವರ್ಷ ದಾಟಿದವರು ಹತ್ತು ಕೋಟಿಗೂ ಮಿಕ್ಕಿ. ಅವರಲ್ಲಿ ಎಷ್ಟು ಮಂದಿಗೆ ತಡೆಗೋಡೆಯ ಖರ್ಚು ನಿಲುಕೀತು? ಬಿಳಿಯ ಪಟ್ಟಿ, ಬಿದಿರಿನದಾದರೂ ಗಟ್ಟಿಯಾದ ಒಂದು ಕೈಯಾಸರೆ, ರಾತ್ರಿ ಬಚ್ಚಲಿನ ದಾರಿಯಲ್ಲಿ ಒಂದು ದೀಪ, ಇಷ್ಟಕ್ಕೆ ಹಣ ಹೆಚ್ಚು ಬೇಕಾಗಿಲ್ಲ. ಕೋಲು, ಗಾಲಿಕುರ್ಚಿ ಮೊದಲಾದವನ್ನು ಬಡ ವೃದ್ಧರಿಗೆ ಕೊಡುವುದಕ್ಕಾಗಿ ಕೇಂದ್ರ ಸರಕಾರವು ೨೦೧೭ರಲ್ಲಿ ರಾಷ್ಟ್ರೀಯ ವಯೋಶ್ರೀ ಎಂಬ ಯೋಜನೆಯನ್ನು ಆರಂಭಿಸಿತು. ಅದನ್ನು ಕುರಿತು ವಿಚಾರಿಸುವುದೂ ಒಳ್ಳೆಯದು.

ಈ ಪುಟವು ಅಚ್ಚಿಗೆ ಹೋಗುವ ಹೊತ್ತಿಗೆ ಬಂಟ್ವಾಳದಿಂದ ಮತ್ತೊಂದು ಕಾಗದ ಬಂದಿದೆ. ಮೆಟ್ಟಿಲಿಗೆ ಕಂಬಿಯಾಯಿತು, ಬಚ್ಚಲಿಗೂ ಆಯಿತು. ಕೆಂಪು ಕಲ್ಲು ಬಂದು ಹಿತ್ತಿಲಿನಲ್ಲಿ ಬಿದ್ದಿದೆ. ದೀಪಾವಳಿ ಕಳೆದು ಮಣ್ಣು ಆರಿದ ಮೇಲೆ ಗೋಡೆಯ ಕೆಲಸಕ್ಕೆ ಕೈಹಚ್ಚುವರಂತೆ. ತಮ್ಮನು ಕಾರ್ಖಾನೆಯ ಮನೆಯ ಮಾತನ್ನು ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ದಾರಿಯ ನಡುವೆ ಕೂರುವುದಕ್ಕೆ ಒಂದು ಕಟ್ಟೆ ಬೇಕೆಂದೂ, ಅದು ಹೊಳೆಯ ಕಡೆಗೆ ಮುಖವಾಗಿರಬೇಕೆಂದೂ ತಾಯಿಯವರು ಹೇಳಿಕಳುಹಿಸಿದ್ದಾರೆ. ಕಟ್ಟೆಯ ಎತ್ತರವು ೧೮ ಅಂಗುಲವಿರಲಿ, ಅದಕ್ಕಿಂತ ತಗ್ಗಾದರೆ ಏಳುವಾಗ ಮೊಣಕಾಲಿಗೆ ಕಷ್ಟ, ಎಂದು ನಾವು ಬರೆದಿದ್ದೇವೆ.